ಗೂಡು ಕಟ್ಟುವ ಹಕ್ಕಿಗಳೂ ನಮ್ಮ ವಿದ್ಯಾರ್ಥಿಗಳೂ

ಶಾಲಾ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಏರ್ಪಡುವ ವಿಜ್ಞಾನ ಪ್ರದರ್ಶನಗಳಿಗೆ ಹೋದವರು ಒಂದು ವಸ್ತುವನ್ನು ಪ್ರಾಯಶಃ ತಪ್ಪದೆ ಕಂಡಿರುತ್ತಾರೆ. ಮೇಜಿನ ಒಂದು ಮೂಲೆಯಲ್ಲಿ ದಾರದಿಂದ ತೂಗುಹಾಕಿದ ಗೀಜಗನ ಗೂಡು. ಅದರ ಕೆಳಗೆ ಅಂದವಾದ ಅಕ್ಷರಗಳಲ್ಲಿ ಬರೆದ ಒಂದು ಚೀಟಿ. ಚೀಟಿಯಲ್ಲಿ ಹಕ್ಕಿಯ ಹೆಸರಿರುತ್ತದೆ, ಅದರ ಲ್ಯಾಟಿನ್ ಹೆಸರೂ ಇರುತ್ತದೆ. ಈ ಗೂಡು ಯಾವ ಮರದಲ್ಲಿತ್ತು, ಮರದ ಯಾವ ದಿಕ್ಕಿನಲ್ಲಿ ತೂಗುತ್ತಿತ್ತು, ಹಕ್ಕಿ ಅದನ್ನು ಯಾವ ತಿಂಗಳಲ್ಲಿ ಕಟ್ಟಿತು, ಕಟ್ಟಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ, ಪಕ್ಕದಲ್ಲಿ ನಿಂತ ವಿದ್ಯಾರ್ಥಿ ಉಪಾಧ್ಯಾಯರ ಮುಖ ನೋಡುತ್ತಾನೆ; ಉಪಾಧ್ಯಾಯರು ಗೂಡಿನ ಮುಖ ನೋಡುತ್ತಾರೆ.

ಗೂಡನ್ನು ಮೇಜಿನ ಮೇಲೆ ತಂದಿಟ್ಟ ಗಳಿಗೆಯಲ್ಲಿ ಅದರ ವಿಜ್ಞಾನದ ಮುಕ್ಕಾಲು ಪಾಲು ಮರದಲ್ಲಿಯೇ ಉಳಿದುಹೋಗುತ್ತದೆಂದು ನಮ್ಮ ಅಭಿಪ್ರಾಯ. ಗೂಡು ಕಟ್ಟುವ ಕೆಲಸ ನಡೆಯುತ್ತಿರುವಾಗ ದೂರದಲ್ಲಿ ಕುಳಿತು, ಗಡಿಯಾರವನ್ನೂ ನೋಟ್ ಪುಸ್ತಕವನ್ನೂ ಹಿಡಿದು ನೋಡಿದವರಿಗೆ ದೊರೆಯುವ ತಿಳಿವಳಿಕೆ, ಕಿತ್ತು ತಂದ ಗೂಡನ್ನು ನೂರು ಸಲ ತಿರುಗಿಸಿ ನೋಡಿದರೂ ದೊರೆಯದು. ನಮ್ಮ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಈ ನೋಡುವ ಕೆಲಸವನ್ನು ಕೈಕೊಳ್ಳಬೇಕೆಂದೂ, ಪ್ರತಿಯೊಂದು ಕಾಲೇಜೂ ತನ್ನ ಆವರಣದ ಗೂಡುಗಳ ದಿನಚರಿಯೊಂದನ್ನು ವರ್ಷ ವರ್ಷವೂ ಬಿಡದೆ ಇಟ್ಟುಕೊಂಡು ಬರಬೇಕೆಂದೂ ನಾವು ಇಲ್ಲಿ ವಾದಿಸಬಯಸುತ್ತೇವೆ.

ಭೌತವಿಜ್ಞಾನವನ್ನು ಬೋಧಿಸುವವರಿಗೆ ಹಕ್ಕಿಯ ಗೂಡಿನ ಗೊಡವೆ ಏಕೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮಾಡುವ ಪ್ರಯೋಗಗಳಲ್ಲಿ ಬಹುಪಾಲು ಉತ್ತರ ಮೊದಲೇ ಗೊತ್ತಿರುವಂಥವು. ಸರಳ ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯಹೊರಟ ಹುಡುಗನಿಗೆ 9.8 ಬರಬೇಕೆಂದು ಗೊತ್ತು. 9.2 ಬಂದರೆ ಅವನು ಲೋಲಕವನ್ನು ಮತ್ತೊಮ್ಮೆ ತೂಗಾಡಿಸುವುದಿಲ್ಲ. ರಬ್ಬರನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಇದು ಎಲ್ಲ ಉಪನ್ಯಾಸಕರಿಗೂ ತಿಳಿದಿರುವ, ಯಾರೂ ಬಾಯಿಬಿಟ್ಟು ಹೇಳದ ಗುಟ್ಟು. ಹೀಗೆ ಮೂರು ವರ್ಷ ಕಲಿತವನು ಸೂತ್ರಗಳನ್ನು ಕಲಿತಿರಬಹುದು, ತನ್ನ ಅಳತೆಯನ್ನು ತಾನು ನಂಬುವುದನ್ನು ಕಲಿತಿರುವುದಿಲ್ಲ. ಊರ ಕೆರೆಯ ಏರಿಯ ಮೇಲಿನ ಈಚಲು ಮರದಲ್ಲಿ ಈ ವರ್ಷ ಗೀಜಗ ಯಾವ ದಿನ ಮೊದಲ ಗಂಟು ಹಾಕಿತೆಂಬುದಕ್ಕೆ ಯಾವ ಪಠ್ಯಪುಸ್ತಕದ ಕೊನೆಯಲ್ಲಿಯೂ ಉತ್ತರ ಅಚ್ಚಾಗಿಲ್ಲ. ಅಲ್ಲಿ ರಬ್ಬರಿಗೆ ಕೆಲಸವಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾವು ಕಾಣೆವು.

ಮೊದಲು ಕಾಲದ ಮಾತು. ವಸಂತದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ ಎಂಬ ವಾಕ್ಯ ನಮ್ಮ ಪುಸ್ತಕಗಳಿಗೆ ಶೀತದೇಶಗಳ ಪುಸ್ತಕಗಳಿಂದ ಇಳಿದುಬಂದದ್ದು. ಆ ದೇಶಗಳಲ್ಲಿ ಹಿಮ ಕರಗಿ, ಎಲೆ ಚಿಗುರಿ, ಹುಳುಹುಪ್ಪಟೆಗಳು ಏಳುವ ಕೆಲವೇ ತಿಂಗಳು ಮರಿಗಳನ್ನು ಸಾಕುವುದಕ್ಕೆ ಅನುಕೂಲವಾದ ಕಾಲ. ನಮ್ಮ ನಾಡಿನಲ್ಲಿಯೂ ಚೈತ್ರ ವೈಶಾಖಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು ಬಹಳ ಇವೆ. ಆದರೆ ವಸಂತ ಮುಗಿದೊಡನೆ ಕೆಲಸ ಮುಗಿಯುವುದಿಲ್ಲ. ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಮನೆ ಸೇರುವ ಹೊತ್ತಿಗೆ ಕಾಗೆಗಳು ಕಡ್ಡಿ ಆಯತೊಡಗಿರುತ್ತವೆ. ಅವುಗಳ ಗೂಡಿನಲ್ಲಿ ತನ್ನ ಮೊಟ್ಟೆಯಿಡಲು ಹವಣಿಸುವ ಕೋಗಿಲೆಯೂ ಅದೇ ಸಮಯದಲ್ಲಿ ಕೂಗುತ್ತಿರುತ್ತದೆ. ಮನೆಯ ಜಗುಲಿಯ ಮುಂದಿನ ಬಳ್ಳಿಗೆ ಜೇಡರ ಬಲೆಯಿಂದ ಚೀಲ ನೇಯುವ ಸೂರಕ್ಕಿಗೆ ವರ್ಷದಲ್ಲಿ ಇಂಥದೇ ತಿಂಗಳೆಂಬ ಕಟ್ಟುಪಾಡಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಲ್ಲಿಯೇ ಬಂದು ಗೂಡು ಹಾಕಿ, ಬೇಸಗೆಯಲ್ಲಿ ಮರಿಗಳನ್ನು ದೊಡ್ಡವು ಮಾಡುತ್ತವೆ. ಗೀಜಗ ಮಾತ್ರ ಮುಂಗಾರು ಹಿಡಿದು, ಹುಲ್ಲೂ ಪೈರೂ ಉದ್ದುದ್ದ ಎಲೆ ಬಿಟ್ಟ ಮೇಲಲ್ಲದೆ ಕೆಲಸಕ್ಕೆ ಇಳಿಯದು. ಜೂನಿನಲ್ಲಿ ಕಾಲೇಜು ತೆರೆಯುವ ಕಾಲವೂ ಅದೇ. ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಗೀಜಗನನ್ನು ಆರಿಸಿಕೊಳ್ಳಲು ಇದೊಂದು ಒಳ್ಳೆಯ ಕಾರಣ.

ಗೀಜಗನ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಗೂಡು ಕಟ್ಟುವುದು ಗಂಡು. ಆ ಕಾಲದಲ್ಲಿ ಅದರ ನೆತ್ತಿ ಹೊಳೆಯುವ ಹಳದಿಯಾಗಿರುತ್ತದೆ. ಅದು ಉದ್ದನೆಯ ಹುಲ್ಲಿನ ಅಥವಾ ಬತ್ತದ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಒಂದು ಗಾಯ ಮಾಡಿ, ಆ ತುದಿಯನ್ನು ಹಿಡಿದುಕೊಂಡೇ ಹಾರಿಬಿಡುತ್ತದೆ. ಎಲೆಯ ನಾರುಗಳು ಉದ್ದಕ್ಕೂ ಸಮಾಂತರವಾಗಿರುವುದರಿಂದ ಸೀಳು ಅಡ್ಡ ತಿರುಗದೆ ನೇರವಾಗಿ ಓಡುತ್ತದೆ. ಹಕ್ಕಿಯ ಕೊಕ್ಕಿನಲ್ಲಿ ಒಂದೇ ಅಗಲದ ಒಂದು ಪಟ್ಟಿ ಉಳಿಯುತ್ತದೆ. ಇಂಥ ಪಟ್ಟಿಗಳು 20ರಿಂದ 60 ಸೆಂಟಿಮೀಟರುಗಳಷ್ಟು ಉದ್ದವಿರುತ್ತವೆ. ಒಂದು ಗೂಡು ಪೂರ್ಣವಾಗುವಷ್ಟರಲ್ಲಿ ಗಂಡು ಐನೂರು ಸಲದವರೆಗೂ ಹೋಗಿ ಬರುವುದುಂಟು. ಎಲೆ ಹಸಿಯಾಗಿಯೇ ಇರಬೇಕು. ಹಸಿಯ ಪಟ್ಟಿ ಬಾಗುತ್ತದೆ, ಗಂಟಿಗೆ ಒಗ್ಗುತ್ತದೆ. ಒಣಗಿದ ಮೇಲೆ ಅದೇ ಪಟ್ಟಿ ಗಂಟಿನ ರೂಪದಲ್ಲಿಯೇ ಬಿಗಿದುಕೊಂಡು ನಿಲ್ಲುತ್ತದೆ. ಬಿದಿರನ್ನು ಹಸಿಯಾಗಿದ್ದಾಗ ಸೀಳಿ ಬುಟ್ಟಿ ಹೆಣೆಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಂಬೆಗೆ ಗಂಟು ಹಾಕಿ, ಅದರಿಂದ ಇಳಿಬಿಟ್ಟ ಒಂದು ಬಳೆಯನ್ನು ನೇಯ್ದು, ಬಳೆಯ ಸುತ್ತ ಗೋಡೆಯನ್ನು ಬೆಳೆಸುತ್ತ ಬಂದರೆ ಒಂದು ವಾರದ ಮೇಲೆ ಅದು ಶಿರಸ್ತ್ರಾಣವನ್ನು ತೂಗುಹಾಕಿದಂತೆ ಕಾಣುತ್ತದೆ. ಗಂಡು ಅಲ್ಲಿಗೆ ಕೆಲಸ ನಿಲ್ಲಿಸುತ್ತದೆ. ರೆಕ್ಕೆ ಬಡಿದು, ಕೂಗಿ, ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣುಗಳು ಬಂದು ಒಂದೊಂದೇ ಗೂಡಿನೊಳಕ್ಕೆ ಹೊಕ್ಕು, ಎಳೆದು, ಪರೀಕ್ಷಿಸಿ ನೋಡುತ್ತವೆ. ಒಪ್ಪಿಗೆಯಾದರೆ ಆ ಗೂಡಿಗೆ ಮೊಟ್ಟೆಯ ಕೋಣೆಯೂ ಕೆಳಮುಖವಾದ ಉದ್ದನೆಯ ಕೊಳವೆಯೂ ಬರುತ್ತವೆ. ಒಟ್ಟು ಸುಮಾರು 18 ದಿನಗಳ ಕೆಲಸ. ಒಪ್ಪಿಗೆಯಾಗದ ಗೂಡು ಅರ್ಧಕ್ಕೇ ನಿಂತುಹೋಗುತ್ತದೆ. ಅರ್ಧ ಗೂಡು ಗಂಡು ಕುಳಿತು ಜೋಕಾಲಿಯಾಡುವುದಕ್ಕೆಂದು ಹೇಳುವ ಹಿರಿಯರಿದ್ದಾರೆ. ಮಾತು ಸೊಗಸಾಗಿದೆ, ಸತ್ಯ ಅದಕ್ಕಿಂತ ಕಠಿನವಾದದ್ದು. ಅದು ಪರೀಕ್ಷೆಯಲ್ಲಿ ತೇರ್ಗಡೆಯಾಗದವನ ಉತ್ತರಪತ್ರಿಕೆ.

ಹೆಣ್ಣು ಅರ್ಧ ಗೂಡನ್ನು ನೋಡಿ ಆರಿಸುತ್ತದೆ, ಒಂದು ಗಂಡು ಒಂದಾದ ಮೇಲೊಂದು ಗೂಡು ಕಟ್ಟಿ ಒಂದಕ್ಕಿಂತ ಹೆಚ್ಚು ಹೆಣ್ಣುಗಳೊಡನೆ ಸಂಸಾರ ಹೂಡುತ್ತದೆ ಎಂಬ ಈ ಸಂಗತಿಗಳನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಸಾಲಿಂ ಅಲಿಯವರು. ಆ ವೃತ್ತಾಂತ ನಮ್ಮ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಅವರು ಜರ್ಮನಿಯಲ್ಲಿ ಪಕ್ಷಿವಿಜ್ಞಾನವನ್ನು ಅಭ್ಯಾಸ ಮಾಡಿ 1930ರಲ್ಲಿ ಸ್ವದೇಶಕ್ಕೆ ಮರಳಿದಾಗ ಮುಂಬಯಿಯಲ್ಲಿ ಅವರಿಗೆ ಉದ್ಯೋಗವಿರಲಿಲ್ಲ. ಸಮುದ್ರದ ಆಚೆಯ ದಡದಲ್ಲಿ, ಅಲಿಬಾಗಿನ ಬಳಿಯ ಕಿಹಿಂ ಎಂಬ ಹಳ್ಳಿಯಲ್ಲಿ ಹೋಗಿ ನೆಲಸಿದರು. ಅಲ್ಲಿ ಮನೆಯ ಸಮೀಪದಲ್ಲಿಯೇ ಗೀಜಗಗಳ ಬೀಡೊಂದಿತ್ತು. ಆ ಮಳೆಗಾಲವೆಲ್ಲ ಅದನ್ನು ದಿನ ದಿನವೂ ನೋಡಿ ಬರೆದಿಟ್ಟುಕೊಂಡರು. ಗೀಜಗ ನಮ್ಮ ದೇಶದ ಜನಕ್ಕೆ ಸಾವಿರಾರು ವರ್ಷಗಳಿಂದ ಪರಿಚಿತವಾದ ಹಕ್ಕಿ. ಆದರೂ ಅದರ ಸಂಸಾರದ ರೀತಿ ಶಾಸ್ತ್ರಕ್ಕೆ ತಿಳಿದದ್ದು ಒಬ್ಬರು ಕುಳಿತು, ಲೆಕ್ಕವಿಟ್ಟು ನೋಡಿದ ಮೇಲೆ. ಅವರಿಗೆ ಬೇಕಾದ ಮುಖ್ಯ ಸಾಮಗ್ರಿಗಳು ಕಣ್ಣು, ಕಾಗದ, ಮತ್ತು ಬೇರೆ ಕೆಲಸವಿಲ್ಲದ ಮೂರು ತಿಂಗಳು. ಮೂರನೆಯದು ವಿದ್ಯಾರ್ಥಿಗಳಿಗೆ ಮುಂದೆ ಎಂದೂ ದೊರೆಯದಷ್ಟು ಈಗ ದೊರೆಯುತ್ತದೆ.

ಗೀಜಗ ಗೂಡಿನ ಒಳಗೋಡೆಗೆ ಹಸಿ ಮಣ್ಣಿನ ಮುದ್ದೆಗಳನ್ನು ಮೆತ್ತುತ್ತದೆ. ಆ ಮಣ್ಣಿಗೆ ಮಿಂಚುಹುಳುಗಳನ್ನು ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆಂಬ ಕಥೆ ನಮ್ಮ ದೇಶದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ, ಅದಕ್ಕೆ ಆಧಾರವಿಲ್ಲ. ಗಾಳಿಗೆ ಗೂಡು ಅತಿಯಾಗಿ ಹೊಯ್ದಾಡದಂತೆ ಮಣ್ಣು ಭಾರ ಕೊಡುತ್ತದೆಂಬುದು ಒಂದು ಊಹೆ. ಇಲ್ಲಿ ನಮ್ಮ ಶಾಸ್ತ್ರಕ್ಕೆ ಬಾಯಿ ಬರುತ್ತದೆ. ತೂಗುವ ಗೂಡೊಂದು ಲೋಲಕ. ಅಡ್ಡಗಾಳಿಯ ಒತ್ತಡದಿಂದ ಅದು ಎಷ್ಟು ಓರೆಯಾಗುತ್ತದೆಂಬುದು ಗಾಳಿಯ ಬಲಕ್ಕೂ ಗೂಡಿನ ತೂಕಕ್ಕೂ ಇರುವ ನಿಷ್ಪತ್ತಿಯನ್ನು ಅವಲಂಬಿಸಿದೆ. ತೂಕ ಹೆಚ್ಚಿದರೆ ಓರೆ ಕಡಮೆ. ಆದರೆ ಲೋಲಕದ ಆಂದೋಲನಕ್ಕೆ ಹಿಡಿಯುವ ಕಾಲ ತೂಕವನ್ನು ಅವಲಂಬಿಸಿಲ್ಲ, ಉದ್ದವನ್ನು ಅವಲಂಬಿಸಿದೆ. ಆದಕಾರಣ ಮಣ್ಣು ಮೆತ್ತುವುದಕ್ಕೆ ಮೊದಲೂ ಆಮೇಲೂ ಗೂಡು ಒಂದು ಸಲ ತೂಗಿ ಬರಲು ಹೆಚ್ಚು ಕಡಮೆ ಅಷ್ಟೇ ಸಮಯ ಹಿಡಿಯಬೇಕು, ತೂಗುವ ಹರವು ಮಾತ್ರ ಕಿರಿದಾಗಬೇಕು. ಹೀಗಾಗುತ್ತದೆಯೆ? ನೆಲದ ಮೇಲೆ ನಿಂತು ಗಡಿಯಾರದಿಂದ ನೋಡಬಹುದು. ಹತ್ತು ಆಂದೋಲನಗಳಿಗೆ 14 ಸೆಕೆಂಡು ಹಿಡಿಯಿತೆನ್ನಿ. ಒಂದಕ್ಕೆ 1.4 ಸೆಕೆಂಡು, ತರಗತಿಯಲ್ಲಿ ಕಲಿತ ಸೂತ್ರದ ಪ್ರಕಾರ ಲೋಲಕದ ಉದ್ದ ಸುಮಾರು 49 ಸೆಂಟಿಮೀಟರು. ಗೂಡನ್ನು ಮುಟ್ಟದೆ, ಮರವನ್ನು ಹತ್ತದೆ, ಕೊಂಬೆಯಿಂದ ಅದರ ಭಾರಕೇಂದ್ರ ಎಷ್ಟು ಕೆಳಗಿದೆಯೆಂಬುದರ ಅಂದಾಜು ಕೈಗೆ ಬಂದಿತು. ಕೊಂಬೆಯೂ ಬಾಗುತ್ತದೆ, ಗೂಡು ಬಿಂದುವಲ್ಲ, ಗಾಳಿ ಒಂದೇ ಸಮನೆ ಬೀಸುವುದಿಲ್ಲ ಎಂದು ಚುರುಕಾದ ವಿದ್ಯಾರ್ಥಿ ಆಕ್ಷೇಪಿಸಿಯಾನು. ಆಕ್ಷೇಪಿಸಲೇಬೇಕು. ಪ್ರಯೋಗಶಾಲೆಯ ಹಿತ್ತಾಳೆಯ ಗುಂಡನ್ನು ನೋಡಿ ಅವನಿಗೆ ಈ ಸಂದೇಹಗಳಲ್ಲಿ ಒಂದೂ ಹುಟ್ಟಿರಲಿಲ್ಲ.

ದಿಕ್ಸೂಚಿಯೊಂದನ್ನು ಕೊಂಡೊಯ್ದರೆ ಇನ್ನೊಂದು ವಿಷಯವನ್ನು ಪರೀಕ್ಷಿಸಬಹುದು. ಗೀಜಗಗಳು ಅನೇಕ ವೇಳೆ ಮರದ ಪೂರ್ವದ ಮಗ್ಗುಲಲ್ಲಿ ಗೂಡು ಕಟ್ಟುತ್ತವೆಂದೂ, ನೈಋತ್ಯ ಮಾರುತದ ಹೊಡೆತಕ್ಕೆ ಮರವೇ ತಡೆಯಾಗಲೆಂಬುದು ಅದರ ಕಾರಣವಿರಬಹುದೆಂದೂ ಪಕ್ಷಿಶಾಸ್ತ್ರದ ಗ್ರಂಥಗಳಲ್ಲಿ ಹೇಳಿದೆ. ಮಾರುತ ಬಿರುಸಾಗಿ ಬಂದು ಬಡಿಯುವ ಕರಾವಳಿಯಲ್ಲಿಯೂ, ಘಟ್ಟದ ಈಚೆ ಗಾಳಿ ಬೇರೆ ರೀತಿಯಲ್ಲಿ ಬೀಸುವ ಬಯಲುಸೀಮೆಯಲ್ಲಿಯೂ ಈ ಮಾತು ಒಂದೇ ಸಮನಾಗಿ ನಿಲ್ಲುತ್ತದೆಯೆ? ಉಡುಪಿಯ ಒಂದು ಕಾಲೇಜೂ ಚಿತ್ರದುರ್ಗದ ಒಂದು ಕಾಲೇಜೂ ತಮ್ಮ ತಮ್ಮ ಊರಿನ ನೂರು ಗೂಡುಗಳ ದಿಕ್ಕನ್ನು ಬರೆದು ಹೋಲಿಸಿದರೆ ಸಾಕು, ಪ್ರಕಟಣೆಗೆ ಯೋಗ್ಯವಾದ ಒಂದು ಕೋಷ್ಟಕವಾಗುತ್ತದೆ.

ನೇಯ್ಗೆಯಿಲ್ಲದ ಗೂಡುಗಳನ್ನು ಕೀಳಾಗಿ ಕಾಣುವುದು ಸಾಮಾನ್ಯ. ಕಾಗೆಯ ಗೂಡು ಕಡ್ಡಿಗಳ ಕಂತೆಯೆಂದು ನಗುತ್ತೇವೆ. ಆದರೆ ಆ ಕಂತೆಗೆ ಗಂಟಿಲ್ಲ, ಅಂಟಿಲ್ಲ, ಮೊಳೆಯಿಲ್ಲ. ಮುಂಗಾರಿನ ಮೊದಲ ಬಿರುಗಾಳಿಗೆ ಮನೆಗಳ ಹೆಂಚು ಹಾರುವಾಗ ಆ ಗೂಡು ಕೊಂಬೆಯ ಕವಲಿನಲ್ಲಿ ನಿಂತಿರುವುದನ್ನು ಕಂಡವರಿದ್ದಾರೆ. ಅದನ್ನು ಹಿಡಿದಿಟ್ಟಿರುವುದು ಕಡ್ಡಿ ಕಡ್ಡಿಗಳ ನಡುವಿನ ಘರ್ಷಣೆ, ಮತ್ತು ಬಾಗಿದ ಕಡ್ಡಿಗಳು ಒಂದನ್ನೊಂದು ಒತ್ತುವ ಒತ್ತಡ. ಅಂಟಿಲ್ಲದ ಕಡ್ಡಿಗಳ ಅಸ್ತವ್ಯಸ್ತ ರಾಶಿಯೊಂದು ಘನವಸ್ತುವಿನಂತೆ ಹೇಗೆ ವರ್ತಿಸುತ್ತದೆಂಬುದನ್ನು ಅಮೆರಿಕದ ಕೆಲವು ಭೌತವಿಜ್ಞಾನಿಗಳು ಹಕ್ಕಿಯ ಗೂಡನ್ನೇ ಮಾದರಿಯಾಗಿಟ್ಟುಕೊಂಡು ಪರಿಶೀಲಿಸಿ 2020ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಇಂಥ ರಾಶಿಯನ್ನು ಒತ್ತಿ ಬಿಟ್ಟರೆ ಅದು ಬಂದ ದಾರಿಯಲ್ಲಿಯೇ ಹಿಂದಿರುಗುವುದಿಲ್ಲ. ಕಡ್ಡಿಗಳು ಜಾರುವಾಗ ಶಕ್ತಿಯ ಒಂದಂಶ ಘರ್ಷಣೆಯಲ್ಲಿ ವ್ಯಯವಾಗುತ್ತದೆ. ಸಿಂಪಿಗನೆಂದೂ ಟುವ್ವಿಯೆಂದೂ ಹೆಸರಾದ ಸಣ್ಣ ಹಕ್ಕಿಯ ಹೊಲಿಗೆಯಲ್ಲಿಯೂ ಇದೇ ನಿಯಮ ಬೇರೊಂದು ವೇಷದಲ್ಲಿದೆ. ಅದು ಎಲೆಯ ಅಂಚುಗಳಲ್ಲಿ ಕೊಕ್ಕಿನಿಂದ ತೂತು ಮಾಡಿ ಹತ್ತಿಯ ಎಳೆಯನ್ನೋ ಜೇಡರ ಬಲೆಯ ನೂಲನ್ನೋ ತೂರಿಸುತ್ತದೆ. ಗಂಟು ಹಾಕುವುದಿಲ್ಲ. ತೂತಿನ ಹೊರಗೆ ಎಳೆ ಕೆದರಿ ಉಬ್ಬಿಕೊಂಡಿರುವುದರಿಂದ ಅದು ಹಿಂದಕ್ಕೆ ಜಾರದು. ಕಬ್ಬಿಣದ ತಗಡುಗಳನ್ನು ಜೋಡಿಸುವ ರಿವೆಟ್ಟಿನ ಕೆಲಸವೇ ಇಲ್ಲಿ ಹತ್ತಿಯಿಂದ ನಡೆದಿದೆ.

ಇವೆಲ್ಲಕ್ಕೂ ‘ಹುಟ್ಟುಗುಣ’ ಎಂಬ ಒಂದೇ ಮಾತಿನಿಂದ ಉತ್ತರ ಹೇಳಿ ಪುಸ್ತಕ ಮುಚ್ಚುವವರ ವಿಷಯದಲ್ಲಿ ನಮಗೆ ಸ್ವಲ್ಪ ಅಸಹನೆಯಿದೆ. ಹಕ್ಕಿ ತಾಯಿಯ ಹೊಟ್ಟೆಯಿಂದಲೇ ಎಲ್ಲವನ್ನೂ ಕಲಿತು ಬರುತ್ತದೆ, ಅದಕ್ಕೆ ಅಭ್ಯಾಸ ಬೇಕಿಲ್ಲ, ತಪ್ಪಾಗುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಜೀವವಿಕಾಸ ತತ್ತ್ವದ ಪ್ರತಿಪಾದಕರಲ್ಲಿ ಒಬ್ಬನಾದ ಆಲ್ಫ್ರೆಡ್ ರಸ್ಸೆಲ್ ವಾಲೇಸನು 1867ರಷ್ಟು ಹಿಂದೆಯೇ ಇದನ್ನು ಪ್ರಶ್ನಿಸಿದ್ದನು. ಹಕ್ಕಿಗಳು ನೋಡಿ, ನೆನಪಿಟ್ಟುಕೊಂಡು, ಅನುಕರಿಸಿ ಕಟ್ಟುತ್ತವೆಯೆಂದು ಅವನ ವಾದ. ಅವನು ಇನ್ನೊಂದು ಕಡೆಗೆ ಅತಿಯಾಗಿ ವಾಲಿದನೆಂದು ಹೇಳಬೇಕು. ಆದರೆ ಪ್ರಶ್ನೆ ಸರಿಯಾಗಿತ್ತು. ಅಮೆರಿಕದ ಕಲಿಯಾಸ್ ದಂಪತಿಗಳು ಗೀಜಗನ ಬಳಗಕ್ಕೆ ಸೇರಿದ ಆಫ್ರಿಕದ ಒಂದು ಹಕ್ಕಿಯ ಮರಿಗಳನ್ನು ಹುಲ್ಲು ಎಲೆಗಳ ಸಹವಾಸವಿಲ್ಲದೆ ಸಾಕಿ, ಬೆಳೆದ ಮೇಲೆ ನೇಯುವ ಸಾಮಗ್ರಿ ಕೊಟ್ಟು ನೋಡಿದರು. ಚಿಕ್ಕಂದಿನಿಂದ ಎಲೆಗಳೊಡನೆ ಆಡಿಕೊಂಡು ಬೆಳೆದ ಹಕ್ಕಿಗಳು ನೇಯ್ದಂತೆ ಇವು ನೇಯಲಾರದೆ ಹೋದುವು. ಈ ಪರಿಶೀಲನೆ 1964ರಲ್ಲಿ ಪ್ರಕಟವಾಯಿತು. ಬೋಟ್ಸ್‌ವಾನ ದೇಶದಲ್ಲಿ ಇನ್ನೊಂದು ಜಾತಿಯ ನೇಕಾರ ಹಕ್ಕಿಗಳನ್ನು ಚಲನಚಿತ್ರದಲ್ಲಿ ಹಿಡಿದು ನೋಡಿದವರು, ಒಂದೊಂದು ಹಕ್ಕಿಯ ರೀತಿ ಒಂದೊಂದು ತೆರನಾಗಿರುವುದನ್ನೂ, ಗೂಡುಗಳನ್ನು ಕಟ್ಟುತ್ತ ಹೋದಂತೆ ಅವು ಹುಲ್ಲನ್ನು ಕೆಳಗೆ ಬೀಳಿಸುವುದು ಕಡಮೆಯಾಗುವುದನ್ನೂ 2011ರಲ್ಲಿ ವರದಿ ಮಾಡಿದರು. ಸ್ಕಾಟ್ಲೆಂಡಿನ ಪ್ರಯೋಗವೊಂದು ನಮಗೆ ಇನ್ನೂ ಹೆಚ್ಚು ಮೆಚ್ಚಿಕೆಯಾದದ್ದು. ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಗಳಿಗೆ ಮೆತ್ತನೆಯ ದಾರವನ್ನು ಕೊಟ್ಟು ಗೂಡು ಕಟ್ಟಿಸಿ, ಆಮೇಲೆ ಮೆತ್ತನೆಯದನ್ನೂ ಬಿರುಸಾದದ್ದನ್ನೂ ಎರಡನ್ನೂ ಮುಂದಿಟ್ಟರು. ಮೆತ್ತನೆಯ ದಾರದಿಂದ ಕಷ್ಟಪಟ್ಟಿದ್ದ ಹಕ್ಕಿಗಳು ಬಿರುಸಾದ ದಾರವನ್ನು ಆರಿಸಿಕೊಂಡುವು. ಬಿರುಸಾದ ದಾರದಿಂದ ಕಟ್ಟಿದರೆ ಕಡಮೆ ತುಂಡುಗಳು ಸಾಕು. 2014ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥವೇನು? ಪದಾರ್ಥದ ಬಿಗುವೆಂಬ ಗುಣವನ್ನು ಆ ಹಕ್ಕಿ ಕೆಲಸದಿಂದ ಕಲಿಯಿತು. ನಮ್ಮ ವಿದ್ಯಾರ್ಥಿಗಳು ಅದೇ ಗುಣವನ್ನು ಯಂಗನ ಗುಣಾಂಕವೆಂದು ಕಂಠಪಾಠ ಮಾಡುತ್ತಾರೆ.

ಹುಟ್ಟುಗುಣವೆಂಬುದು ಇಲ್ಲವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಗೀಜಗ ಎಂದೂ ಕಾಗೆಯ ಗೂಡನ್ನು ಕಟ್ಟದು. ಎಷ್ಟು ಹುಟ್ಟಿನಿಂದ ಬಂದದ್ದು, ಎಷ್ಟು ಕಲಿತದ್ದು ಎಂಬ ಲೆಕ್ಕವನ್ನು ನೋಡಿಯೇ ತಿಳಿಯಬೇಕು. ನಮ್ಮ ಗೀಜಗಗಳಲ್ಲಿ ಎಳೆಯ ಗಂಡುಗಳು ಒರಟೊರಟಾಗಿ ನೇಯ್ದು ಬಿಟ್ಟ ಗೂಡುಗಳು ಪ್ರತಿಯೊಂದು ಬೀಡಿನಲ್ಲಿಯೂ ಹುಡುಕುವವರ ಕಣ್ಣಿಗೆ ಬೀಳುತ್ತವೆ.

ಇನ್ನು ದಿನಚರಿಯ ಮಾತು. ಬ್ರಿಟನ್ನಿನಲ್ಲಿ 1939ರಿಂದ ಸಾಮಾನ್ಯ ಜನರು ತಾವು ಕಂಡ ಗೂಡುಗಳ ವಿವರಗಳನ್ನು ಚೀಟಿಗಳಲ್ಲಿ ಬರೆದು ಒಂದು ಕಡೆ ಸೇರಿಸುತ್ತ ಬಂದಿದ್ದಾರೆ.   1997ರಲ್ಲಿ ಆ ದಾಖಲೆಗಳ ರಾಶಿಯನ್ನು ವಿಂಗಡಿಸಿದ ವಿಜ್ಞಾನಿಗಳು, 1971ರಿಂದ 1995ರವರೆಗಿನ ಅವಧಿಯಲ್ಲಿ 65 ಜಾತಿಯ ಹಕ್ಕಿಗಳ ಪೈಕಿ 20 ಜಾತಿಗಳು ಮೊಟ್ಟೆಯಿಡುವ ಕಾಲ ಸರಾಸರಿ ಸುಮಾರು 9 ದಿನಗಳಷ್ಟು ಮುಂಚಿತವಾಗಿರುವುದನ್ನು ಕಂಡರು. ಭೂಮಿಯ ಹವೆ ಬಿಸಿಯಾಗುತ್ತಿರುವುದು ಜೀವಿಗಳ ಬಾಳಿನಲ್ಲಿ ಹೇಗೆ ಕಾಣಿಸಿಕೊಳ್ಳುತ್ತಿದೆಯೆಂಬುದಕ್ಕೆ ಅದೊಂದು ಮುಖ್ಯ ಸಾಕ್ಷ್ಯವಾಯಿತು. ನಮ್ಮಲ್ಲಿ ಮುಂಗಾರು ಒಂದು ವರ್ಷ ಮೊದಲಾಗಿ, ಇನ್ನೊಂದು ವರ್ಷ ತಡವಾಗಿ ಬರುತ್ತದೆ. ಗೀಜಗ ಅದರ ಜೊತೆಗೆ ಹಿಂದುಮುಂದಾಗುತ್ತದೆಯೆ? ಮಳೆ ತಡವಾದ ವರ್ಷ ಕಡಮೆ ಗೂಡು ಕಟ್ಟುತ್ತದೆಯೆ? ಐವತ್ತು ವರ್ಷಗಳಿಂದ ನಡೆಯುತ್ತಿರುವ ಕಾಲೇಜುಗಳು ನಮ್ಮಲ್ಲಿ ಎಷ್ಟೋ ಇವೆ. ಅವುಗಳ ಕಪಾಟುಗಳಲ್ಲಿ ಐವತ್ತು ವರ್ಷಗಳ ಹಾಜರಿ ಪುಸ್ತಕಗಳು ಜೋಪಾನವಾಗಿವೆ. ತಮ್ಮ ಆವರಣದ ಹಕ್ಕಿಗಳು ಹಾಜರಾದ ದಿನವನ್ನು ತೋರಿಸುವ ಒಂದು ಪುಸ್ತಕವನ್ನು ಎಷ್ಟು ಕಾಲೇಜುಗಳು ತೋರಿಸಬಲ್ಲವು?

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಗೂಡನ್ನು ನೋಡಿರೆಂದು ಹೇಳಿದೊಡನೆ ಕೈಗಳು ಮೊಬೈಲ್ ಫೋನಿನ ಕಡೆಗೆ ಹೋಗುತ್ತವೆ. ಚಿತ್ರ ಚೆನ್ನಾಗಿ ಬರಲೆಂದು ಅಡ್ಡವಿದ್ದ ಎಲೆಯನ್ನು ಸರಿಸುತ್ತಾರೆ, ಕೊಂಬೆಯನ್ನು ಬಗ್ಗಿಸುತ್ತಾರೆ. ಆ ಎಲೆ ಮರಿಗಳಿಗೆ ಬಿಸಿಲಿನ ತಡೆ, ಕಾಗೆಯ ಕಣ್ಣಿಗೆ ತೆರೆ. ತಾಯಿಹಕ್ಕಿ ಗಾಬರಿಯಿಂದ ಹಾರಿ ದೂರ ಕುಳಿತ ಹತ್ತು ನಿಮಿಷಗಳಲ್ಲಿ ಮಧ್ಯಾಹ್ನದ ಬಿಸಿಲು ಮಾಡುವ ಕೆಲಸವನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಊಹಿಸಿಕೊಳ್ಳಬಲ್ಲರು. ಹೀಗೆ ತೆಗೆದ ಚಿತ್ರವನ್ನು ಸಾವಿರ ಜನ ಮೆಚ್ಚಿದರೂ ಅದರಿಂದ ಯಾವ ಪ್ರಶ್ನೆಗೂ ಉತ್ತರ ಸಿಕ್ಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನೂ, ಅವುಗಳ ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದನ್ನೂ ‘ಬೇಟೆ’ ಎಂಬ ಪದದ ಅರ್ಥದೊಳಗೇ ಸೇರಿಸಿದೆಯೆಂಬುದು ಬಹುಮಂದಿಗೆ ತಿಳಿಯದು. ಪ್ರದರ್ಶನಕ್ಕೆಂದು ಗೂಡು ಕೀಳಿಸುವ ಉಪಾಧ್ಯಾಯರು ಇದನ್ನು ಒಮ್ಮೆ ಓದಬೇಕು. ಹಕ್ಕಿ ಬಿಟ್ಟುಹೋದ ಗೂಡು ತಾನೆ ಎಂದು ಸಮಾಧಾನ ಹೇಳುವಂತೆಯೂ ಇಲ್ಲ. ಗೀಜಗ ಬಿಟ್ಟ ಗೂಡಿನಲ್ಲಿ ರಾಟವಾಳ ಸಂಸಾರ ಹೂಡುವುದುಂಟು.

ಪ್ರತಿಪಕ್ಷಕ್ಕೂ ಒಂದು ಮಾತು ಸಲ್ಲಬೇಕು. ಹಿಂದಿನ ಕಾಲದ ಸಂಗ್ರಹಕಾರರು ಮೊಟ್ಟೆಗಳನ್ನು ರಾಶಿ ರಾಶಿಯಾಗಿ ಕೂಡಿಹಾಕಿದ್ದರಿಂದ ಶಾಸ್ತ್ರಕ್ಕೆ ಲಾಭವಾಗಿಲ್ಲವೆ ಎಂದು ಕೇಳಬಹುದು. ಆಗಿದೆ. ಡಿ.ಡಿ.ಟಿ.ಯಂಥ ವಿಷಗಳಿಂದ ಬೇಟೆಯ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತಿದೆಯೆಂಬುದನ್ನು ಇಂಗ್ಲೆಂಡಿನ ರ್‍ಯಾಟ್‌ಕ್ಲಿಫ್ 1967ರಲ್ಲಿ ತೋರಿಸಿದ್ದು ಹಳೆಯ ಸಂಗ್ರಹಗಳ ಚಿಪ್ಪುಗಳನ್ನು ಹೊಸವುಗಳೊಡನೆ ತೂಗಿ ನೋಡಿದ್ದರಿಂದ. ಆದರೆ ಆ ಮೊಟ್ಟೆಗಳ ಜೊತೆಯಲ್ಲಿ ಊರು, ದಿನಾಂಕ, ಹಕ್ಕಿಯ ಹೆಸರು ಬರೆದಿದ್ದುದರಿಂದಲೇ ಅವು ಉಪಯೋಗಕ್ಕೆ ಬಂದುವು. ಬರೆಹವಿಲ್ಲದ ಚಿಪ್ಪು ಚಿಪ್ಪೇ. ಆಗ ಕೈಯಿಂದ ಕಿತ್ತು ತಿಳಿಯುತ್ತಿದ್ದುದರಲ್ಲಿ ಹೆಚ್ಚಿನದನ್ನು ಈಗ ದುರ್ಬೀನಿನಿಂದ ದೂರವಿದ್ದೇ ತಿಳಿಯಬಹುದು. ಕೊಕ್ಕರೆ ಬೆಳ್ಳೂರಿನ ಜನ ತಮ್ಮ ಹಿತ್ತಿಲ ಹುಣಿಸೆ ಮರಗಳಲ್ಲಿ ಕಟ್ಟುವ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಅವುಗಳ ಕೆಳಗೇ ಓಡಾಡುತ್ತ ತಲೆಮಾರುಗಳನ್ನು ಕಳೆದಿದ್ದಾರೆ. ಹತ್ತಿರವಿರುವುದು ಬೇರೆ, ಮೈಮೇಲೆ ಬೀಳುವುದು ಬೇರೆ ಎಂಬುದನ್ನು ಅವರಿಂದ ಕಲಿಯಬಹುದು.

ಈ ದಿನಚರಿಗೆ ತಕ್ಷಣದ ಉಪಯೋಗವೂ ಒಂದಿದೆ. ಮಳೆಗಾಲಕ್ಕೆ ಮುನ್ನ, ಏಪ್ರಿಲ್ ಮೇ ತಿಂಗಳುಗಳಲ್ಲಿ, ವಿದ್ಯುತ್ ತಂತಿಗಳಿಗೆ ತಗಲುವ ಕೊಂಬೆಗಳನ್ನು ಕಡಿಸುವ ಕೆಲಸ ನಮ್ಮ ಊರುಗಳಲ್ಲೆಲ್ಲ ನಡೆಯುತ್ತದೆ. ಮೊದಲ ಬಿರುಮಳೆಗೆ ಕೊಂಬೆ ಮುರಿದು ತಂತಿ ಹರಿದರೆ ಪ್ರಾಣಹಾನಿಯಾದೀತು. ಕಡಿಸುವವರದು ತಪ್ಪೆಂದು ನಾವು ಹೇಳಲಾರೆವು. ಆದರೆ ಮರಗಳಲ್ಲಿ ಕಾಗೆ, ಪಾರಿವಾಳದ ಬಳಗದ ಬೆಳವ, ಗೊರವಂಕ ಮೊದಲಾದುವು ಮೊಟ್ಟೆಯಿಟ್ಟು ಕುಳಿತಿರುವ ಕಾಲವೂ ಅದೇ. ನಮ್ಮ ಕಾಲೇಜಿನ ಮುಂದಿನ ರಸ್ತೆಯಲ್ಲಿ ಹೀಗೆ ಬಿದ್ದ ಕೊಂಬೆಯ ನಡುವೆ ಕಣ್ಣು ಬಿಡದ ಕಾಗೆಮರಿಗಳನ್ನು ಕಂಡ ವಿದ್ಯಾರ್ಥಿನಿಯರು ನಮ್ಮ ಬಳಿಗೆ ಬಂದು ಈ ಕೆಲಸವನ್ನು ಜನವರಿಯಲ್ಲಿ ಮಾಡಿದರೆ ಆಗದೆ ಎಂದು ಕೇಳಿದರು. ಆಗಬಹುದು, ತಂತಿಗೆ ಜನವರಿಯಲ್ಲಿ ಕಡಿದರೂ ಅಷ್ಟೇ ಕ್ಷೇಮ, ಚಿಗುರು ಸ್ವಲ್ಪ ಹೆಚ್ಚು ಬೆಳೆದೀತು ಅಷ್ಟೆ. ಆದರೆ ಅಧಿಕಾರಿಗಳ ಮುಂದೆ ಹೋಗಿ ಮರುಕದ ಮಾತನ್ನಾಡಿದರೆ ಅವರೂ ಮರುಕದಿಂದ ತಲೆಯಾಡಿಸಿ ಕಳಿಸಿಕೊಡುತ್ತಾರೆ. ಈ ರಸ್ತೆಯ ನಲವತ್ತು ಮರಗಳಲ್ಲಿ ಇಷ್ಟು ಗೂಡು, ಮೊದಲ ಕಡ್ಡಿ ಬಿದ್ದದ್ದು ಈ ದಿನ, ಕೊನೆಯ ಮರಿ ಹಾರಿದ್ದು ಈ ದಿನ, ಮೂರು ವರ್ಷಗಳ ಲೆಕ್ಕ ಇಲ್ಲಿದೆ ಎಂದು ಒಂದು ಹಾಳೆಯನ್ನು ಮುಂದಿಟ್ಟರೆ ಆ ಹಾಳೆ ಕಡತಕ್ಕೆ ಸೇರುತ್ತದೆ. ಕಡತಕ್ಕೆ ಸೇರಿದ್ದಕ್ಕೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ.

ಆ ವಿದ್ಯಾರ್ಥಿನಿಯರು ಈಗ ಮರಗಳಿಗೆ ಸಂಖ್ಯೆ ಹಾಕಿದ್ದಾರೆ. ಪ್ರತಿ ಶನಿವಾರ ಬೆಳಿಗ್ಗೆ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡೆದು, ಮರದ ಸಂಖ್ಯೆ, ಹಕ್ಕಿ, ಎತ್ತರದ ಅಂದಾಜು, ದಿಕ್ಕು, ಆ ದಿನ ಹಕ್ಕಿ ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆಯುತ್ತಾರೆ. ಏನೂ ಕಾಣದ ವಾರ ‘ಏನೂ ಕಾಣಲಿಲ್ಲ’ ಎಂದೇ ಬರೆಯತಕ್ಕದ್ದೆಂದು ನಾವು ಹೇಳಿದ್ದೇವೆ. ಮೊದಲ ತಿಂಗಳು ಬಹಳ ಸಲ ಹಾಗೆಯೇ ಬರೆಯಬೇಕಾಯಿತು. ಹದಿನೇಳನೆಯ ಸಂಖ್ಯೆಯ ಹೊಂಗೆಯ ಮರದಲ್ಲಿ ಕಳೆದ ವಾರ ಎರಡು ಕಡ್ಡಿಗಳು ಕಂಡುಬಂದಿವೆ; ಒಂದು ಕಡ್ಡಿಯಲ್ಲ, ತಂತಿಯ ತುಂಡು ಎಂದು ಅವರಲ್ಲಿ ಒಬ್ಬಾಕೆಯ ವಾದ. ಈ ಶನಿವಾರ ದುರ್ಬೀನನ್ನು ತರಬೇಕೆಂದು ಗೊತ್ತುಮಾಡಿಕೊಂಡಿದ್ದಾರೆ.